ಗುರುಗಳಿಗೆಂದು ಬಿಟ್ಟಿದ್ದ ಕಣ್ಣು

ಯೊಸೊಜಿ ಗುರುಗಳ ಮನೆಯ ಮೆಟ್ಟಿಲು ಹತ್ತುವಾಗಲೇ ಶಿನ್ಸಾಕುವಿನ ಬೆನ್ನು ಉರಿಯತೊಡಗಿತ್ತು. ಸೂಜಿ ಇನ್ನೂ ಮುಟ್ಟಿಯೇ ಇರಲಿಲ್ಲ.

ಮೂರು ವರ್ಷ, ಶನಿವಾರಕ್ಕೆ ಎರಡು ಗಂಟೆಯಂತೆ, ಅಸಾಕುಸ ಪೇಟೆಯ ಈ ಮಹಡಿ ಕೋಣೆಯಲ್ಲಿ ಅವನು ಬೋರಲು ಮಲಗಿದ್ದ. ಗುರುಗಳು ಬಿದಿರು ಕಡ್ಡಿಯ ತುದಿಗೆ ಸೂಜಿಗಳನ್ನು ಕಟ್ಟಿಕೊಂಡು, ಕೈಯಿಂದಲೇ ಚುಚ್ಚಿ ಚುಚ್ಚಿ, ಅವನ ಕತ್ತಿನಿಂದ ತೊಡೆಯವರೆಗೆ ಒಂದು ಹಚ್ಚೆಯ ಡ್ರ್ಯಾಗನ್ ಎಬ್ಬಿಸಿದ್ದರು. ಉಳಿದಿದ್ದು ಎರಡೇ. ಡ್ರ್ಯಾಗನ್ನಿನ ಕಣ್ಣುಪಾಪೆ, ಸೊಂಟದ ಬಳಿಯ ಖಾಲಿ ಚೌಕದಲ್ಲಿ ಗುರುಗಳ ಹೆಸರು. ಪಾಪೆ ಇಡುವುದು ಕೊನೆಗೆ, ಹೆಸರು ಅದಕ್ಕೂ ಆಮೇಲೆ. ಗುರುಗಳ ಕೈಯಲ್ಲಿ ಹಚ್ಚೆ ಹಾಕಿಸಿಕೊಂಡವರೆಲ್ಲ ಪ್ರತಿ ಬೇಸಿಗೆಯಲ್ಲಿ ಓಯಾಮ ಬೆಟ್ಟದ ಜಲಪಾತಕ್ಕೆ ಹೋಗಿ, ಬರಿ ಬೆನ್ನು ತೋರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಸರು ಬಿದ್ದವರಿಗೆ ಮುಂದಿನ ಸಾಲು. ಬೀಳದವರು ಹಿಂದೆ.

ಶಿನ್ಸಾಕುವಿಗೆ ಆ ಮುಂದಿನ ಸಾಲಿನದೇ ಹುಚ್ಚು.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ, ಬೀದಿಯ ಸಾರ್ವಜನಿಕ ಸ್ನಾನದ ಮನೆಯ ಕನ್ನಡಿಯಲ್ಲಿ ತಿರುಗಿ ನೋಡಿಕೊಂಡಾಗ ಎಡ ಪಕ್ಕೆಯ ಮೇಲೆ ಡ್ರ್ಯಾಗನ್ನಿನ ಹುರುಪೆಗಳು ಸೊಟ್ಟಗೆ ಕಂಡವು. ಅವನು ತುಟಿ ಬಿಚ್ಚಲಿಲ್ಲ. ಚಳಿಗಾಲದಲ್ಲಿ ಗುರುಗಳೇ "ಸ್ವಲ್ಪ ದಿನ ಬರಬೇಡ" ಎಂದು ಹೇಳಿ ಕಳಿಸಿದರು. ಐದು ತಿಂಗಳು ಕಳೆಯಿತು. ಅವನ ಜೊತೆ ಕಟ್ಟಡಗಳಿಗೆ ಸಾರುವೆ ಕಟ್ಟುವ ಗಿಚಿ ಸ್ನಾನದ ಮನೆ ತುಂಬ ಕೇಳುವಂತೆ ಕಿಚಾಯಿಸಿದ: "ಏನೋ ಶಿನ್, ನಿನ್ ಡ್ರ್ಯಾಗನ್‌ನ ಕೈ ಹಿಡ್ಕೊಂಡು ರಸ್ತೆ ದಾಟಿಸ್ಬೇಕೇನೋ?"

ಆ ವಾರವೇ ಶಿನ್ಸಾಕು ನದಿಯಾಚೆಯ ಒಂದು ಹಚ್ಚೆ ಅಂಗಡಿಗೆ ಹೋದ. ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದ ಹುಡುಗನೊಬ್ಬ ಮಿಷಿನ್ ಹಿಡಿದು ಇಪ್ಪತ್ತೇ ನಿಮಿಷದಲ್ಲಿ ಪಾಪೆ ಇಟ್ಟುಬಿಟ್ಟ.

ಈಗ ಗುರುಗಳು ಕರೆದಿದ್ದಾರೆ.

ಗುರುಗಳ ಹೆಂಡತಿ ಫುಮಿಯೆ ಟೀ ತಂದಿಟ್ಟರು. "ಇವರಿಗೆ ಪೊರೆ ಬಂದಿತ್ತು ಕಣಪ್ಪ, ಎರಡೂ ಕಣ್ಣಿಗೆ. ಆಪರೇಷನ್ ಮಾಡಿಸ್ಕೊಳಿ ಅಂದ್ರೆ ಡಾಕ್ಟ್ರ ಮಾತೂ ಕೇಳ್ಲಿಲ್ಲ, ನನ್ ಮಾತೂ ಕೇಳ್ಲಿಲ್ಲ. ಒಂದಿನ ಬೆಳಗ್ಗೆ ತಾವೇ ಎದ್ದು, ಶಿನ್‌ದು ಕಣ್ಣು ಬಾಕಿ ಇದೆ ಅಂತ ಆಸ್ಪತ್ರೆಗೆ ಹೊರಟೇಬಿಟ್ರು."

ಶಿನ್ಸಾಕು ಕಪ್ಪನ್ನು ಕೆಳಗಿಟ್ಟ.

ಗುರುಗಳು ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. "ಇಷ್ಟು ಮೊಡವೆ ಕಲೆ ಇತ್ತೇನೋ ನಿಂಗೆ? ಇಷ್ಟು ವರ್ಷ ಚೆಲುವ ಅಂದ್ಕೊಂಡಿದ್ನಲ್ಲ! ಬಿಚ್ಚು ಅಂಗಿ."

"ಗುರುಗಳೇ, ಒಂದ್ ಮಾತು..."

"ಮಾತು ಆಮೇಲೆ. ಬೆಳಗ್ಗಿಂದ ಶಾಯಿ ತೇದಿದೀನಿ."

ಅವನು ಮಲಗಿಬಿಟ್ಟ. ಬೋರಲು ಮಲಗಿದರೆ ಅವರ ಮುಖ ನೋಡಬೇಕಾಗಿಲ್ಲ, ಅಷ್ಟೇ.

ಗುರುಗಳ ಹೆಬ್ಬೆರಳು ಅವನ ಹೆಗಲ ಕೆಳಗೆ ಬಂದು ನಿಂತಿತು, ಸರಿಯಾಗಿ ಆ ಕಣ್ಣಿನ ಪಕ್ಕದಲ್ಲಿ. ಬಹಳ ಹೊತ್ತು ಅಲ್ಲೇ ಇತ್ತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದರು. ಬೆರಳು ನಿಧಾನವಾಗಿ ಎಡ ಪಕ್ಕೆಗೆ ಜಾರಿತು.

"ಈ ಹುರುಪೆ ಸೊಟ್ಟಗಿದೆ. ಇದೂ. ಇದೂ. ನಾನೇ ಚುಚ್ಚಿದ್ದು. ನೀನು ನೋಡಿದ್ಯಾ?"

"ನೋಡಿದ್ದೆ."

"ಯಾವಾಗ?"

"ಚುಚ್ಚಿದ ವಾರಾನೇ."

"ಹೇಳ್ಬಾರ್ದಿತ್ತಾ?"

"ನಿಮಗೆ ಹೆಂಗೆ ಹೇಳ್ಲಿ ಗುರುಗಳೇ..."

"ಬಾಯಲ್ಲಿ ಹೇಳ್ತಾರೆ ಕಣೋ ದಡ್ಡ!" ದನಿ ಏರಿತು, ಮತ್ತೆ ಇಳಿಯಿತು. "ಹೇಳಿದ್ದಿದ್ರೆ ಅವತ್ತೇ ಕಡ್ಡಿ ಕೆಳಗಿಡ್ತಿದ್ದೆ. ನಿನ್ ಬೆನ್ನು ಹಾಳಾಗಿ ಹೋಗ್ಲಿ. ಆಮೇಲೂ ಎರಡು ತಿಂಗಳು ಆ ಕಿಹೆಯಿ ಬೆನ್ನಿಗೆ ಚುಚ್ಚಿದ್ನಲ್ಲೋ, ಅದಾದ್ರೂ ಉಳೀತಿತ್ತು."

ಕಿಹೆಯಿ. ಹೋಳಿಗೆ ಮುಖದ, ನಗುವ ಮೀನಂಗಡಿ ಕಿಹೆಯಿ. ಶಿನ್ಸಾಕು ಚಾಪೆಗೆ ಹಣೆ ಒತ್ತಿದ. ಪಾಪೆಯ ವಿಷಯಕ್ಕೆ ಬೈಗುಳ ತಿನ್ನಲು ಸಿದ್ಧನಾಗಿ ಬಂದಿದ್ದ. ಇದು ಅವನ ತಲೆಗೆ ಬಂದೇ ಇರಲಿಲ್ಲ.

"ಕಣ್ಣು ಚೆನ್ನಾಗಿದೆ," ಎಂದರು ಗುರುಗಳು. "ಹುಡುಗನ ಕೈ ಒಳ್ಳೇದು. ಅಲ್ಲಾಡಬೇಡ."

ಆಮೇಲೆ ಸೂಜಿಯ ಸದ್ದು, ಶಕ್, ಶಕ್, ಶಕ್. ಹುರುಪೆಗಳು ಒಂದೊಂದಾಗಿ ನೇರವಾದವು. ಪಕ್ಕೆಲುಬಿನ ಮೇಲೆ ಎರಡನೇ ಸಲ ಚುಚ್ಚಿಸಿಕೊಳ್ಳುವುದೆಂದರೆ ಪ್ರಾಣ ಹಿಂಡುವ ನೋವು. ಅವನು ಒಂದು ಸಲವೂ ಉಸಿರು ಬಿಗಿಹಿಡಿಯಲಿಲ್ಲ, ನೋಯಲಿ ಎಂದೇ ಬಿಟ್ಟ.

ಗುರುಗಳು ಸೂಜಿ ಒರೆಸಿ ಎತ್ತಿಟ್ಟರು. ಚೌಕ ಖಾಲಿಯೇ ಇತ್ತು.

"ಹೆಸರು...?"

"ಆ ಕಣ್ಣು ನಂದಲ್ವಲ್ಲೋ. ಇನ್ನೊಬ್ಬರ ಕೆಲಸಕ್ಕೆ ನನ್ ಹೆಸರು ಹಾಕಕ್ಕಾಗುತ್ತಾ?" ಗುರುಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಗಸ್ಟಿನಲ್ಲಿ ಜಲಪಾತದ ಮುಂದೆ ಎಲ್ಲರೂ ಅಂಗಿ ಬಿಚ್ಚಿ ನಿಂತರು. ಮುಂದಿನ ಸಾಲಿನಿಂದ ಗಿಚಿ ಕೂಗಿದ: "ಬಾರೋ ಶಿನ್, ಕಣ್ಣು ಬಂತಲ್ಲ! ಇಲ್ಲೇ ಜಾಗ ಇದೆ!"

ಶಿನ್ಸಾಕು ಹಿಂದಿನ ಸಾಲಿಗೆ ಹೋದ. ಅಲ್ಲಿ ಕಿಹೆಯಿ ನಿಂತಿದ್ದ. ಬೆನ್ನ ತುಂಬ ಅರ್ಧ ಅರಳಿದ ಹೂಗಳು, ದಳದ ಅಂಚು ಅಲ್ಲಲ್ಲಿ ಕದಡಿತ್ತು.

"ಕಿಹೆಯಿ, ನಿಂಗೊಂದ್ ಮಾತು ಹೇಳ್ಬೇಕು."

"ಫೋಟೋ ಆಗ್ಲಿ ತಡಿಯಣ್ಣ. ಆಮೇಲೆ ಹೇಳುವಂತೆ."

"ಆಮೇಲೆ ಬೇಡ," ಎಂದ ಶಿನ್ಸಾಕು. ನೀರಿನ ಅಬ್ಬರದಲ್ಲಿ ಕೇಳಿಸಲೆಂದು ಅವನ ಕಿವಿಯ ಹತ್ತಿರ ಬಾಗಿದ. "ಹೋದ ವರ್ಷ ಎಲೆ ಉದುರೋ ಹೊತ್ತಿಗೇ ನಂಗೆ ಗೊತ್ತಿತ್ತು..."