ನಗಲೊಲ್ಲದ ಹೆಣ

ತನ್ನ ಸಾವಿನ ಸುದ್ದಿ ಲತಾಮಣಿಗೆ ತಿಳಿದದ್ದು ಮೇಕಪ್ಪಿನ ಕುರ್ಚಿಯಲ್ಲಿ. ಚಿಕ್ಕಲಕ್ಷ್ಮಮ್ಮ ಎಂದಿನಂತೆ ಕೆನ್ನೆಗೆ ಗುಲಾಬಿ ಬಣ್ಣ ತೀಡುವುದನ್ನು ಬಿಟ್ಟು ಅಂಗೈಯಲ್ಲಿ ಅರಿಶಿನ ಕಲಸುತ್ತಿದ್ದಳು.

"ಇದ್ಯಾಕೆ ಚಿಕ್ಕಿ, ಇವತ್ತು ಪೂಜೆ ಸೀನಾ?"

ಚಿಕ್ಕಲಕ್ಷ್ಮಮ್ಮ ಕನ್ನಡಿಯಲ್ಲಿ ಅವಳ ಕಣ್ಣು ತಪ್ಪಿಸಿದಳು. "ನಂಗೇನೂ ಕೇಳ್ಬ್ಯಾಡಿ ಕಣಕ್ಕ. ಹೇಳ್ಬ್ಯಾಡ ಅಂದವ್ರೆ."

"ಏನು ಹೇಳಬೇಡ ಅಂದವ್ರೆ?"

"ನೀವು ಸತ್ತೋಯ್ತೀರ ಅಂತ ಹೇಳ್ಬ್ಯಾಡ ಅಂದವ್ರೆ."

ಹೇಳಿ ಆದ ಮೇಲೆ ಚಿಕ್ಕಲಕ್ಷ್ಮಮ್ಮನಿಗೆ ಸಮಾಧಾನವಾಯಿತು. ಆರಾಮವಾಗಿ ಅರಿಶಿನ ಹಚ್ಚತೊಡಗಿದಳು. ಲತಾಮಣಿ ಮುಖವನ್ನು ಅವಳ ಕೈಗೆ ಕೊಟ್ಟು ಕೂತಳು.

ಮೂರು ವರ್ಷದಿಂದ ಆಕೆ ದೊಡ್ಡಮನೆಯ ಭಾಗ್ಯಾಂಬಿಕೆ. ಧಾರಾವಾಹಿಯ ಭಾಗ್ಯಾಂಬಿಕೆ ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೂ ಕಾಸಿನ ಸರ, ಡಾಬು ಹಾಕಿಕೊಂಡೇ ಏಳುತ್ತಿದ್ದಳು. ಸೊಸೆ ಹಾಲು ಉಕ್ಕಿಸಿದರೆ ಒಮ್ಮೆ ತಿರುಗಿ ನೋಡುವಳು. ಆ ನೋಟವನ್ನು ಮೂರು ಕಡೆಯಿಂದ ಮೂರು ಸಲ ತೋರಿಸುವರು, ಅಷ್ಟರಲ್ಲಿ ಜಾಹೀರಾತು ಬರುವುದು. ಅಷ್ಟು ಕಾಲ ಅಡುಗೆಮನೆಯ ಬಾಗಿಲಲ್ಲಿ ನಿಂತರೂ ಆಕೆ ಒಂದು ದಿನ ಒಲೆ ಹಚ್ಚಿದವಳಲ್ಲ. ಈ ಹೆಂಗಸನ್ನು ಲತಾಮಣಿ ಒಳಗೊಳಗೇ ಆಡಿಕೊಳ್ಳುತ್ತಿದ್ದಳು. ಆದರೂ ಪಾತ್ರವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇದು ಹೋದರೆ ಇನ್ನೊಂದಿಲ್ಲ. ಐವತ್ತರ ಹತ್ತಿರ ಬಂದ ನಟಿಗೆ ಫೋನು ಮಾಡುವವರು ಇಬ್ಬರೇ: ಸನ್ಮಾನ ಇಟ್ಟುಕೊಂಡಿದ್ದೇವೆ, ಖರ್ಚು ನಿಮ್ಮದೇ ಎನ್ನುವ ಸಂಘದವರು, ಒಂದು ಕಾಲದ ನಾಯಕಿ ಈಗ ಹೇಗಾಗಿದ್ದಾರೆ ನೋಡಿ ಎಂದು ವಿಡಿಯೋ ಮಾಡಲು ಬರುವವರು. ಅವಳಿಗೆ ಎರಡನೆಯವರ ಭಯ ಹೆಚ್ಚು.

ಹಾಗೆ ನೋಡಿದರೆ ಸಾಯುವುದು ಅವಳಿಗೆ ಹೊಸದಲ್ಲ. ಅವಳ ವೃತ್ತಿಯೇ ಅದು.

ಮಾಗಡಿ ಕಡೆಯ ಕಲ್ಯದಲ್ಲಿ ರಾಗಿ ಹೊಲದ ಬದುವಿನಲ್ಲಿ ಬೆಳೆದ ಹುಡುಗಿ. ಕಾಲೇಜಿನ ನಾಟಕದಲ್ಲಿ ಅವಳನ್ನು ನೋಡಿದ ನಿರ್ದೇಶಕನೊಬ್ಬ, ಲತಾಮಣಿ ಎಂದರೆ ಕಳೆ ಕೀಳುವವಳ ಹೆಸರಿನ ಹಾಗಿದೆ ಎಂದು ನವ್ಯಾಂಜಲಿ ಎಂದು ಹೆಸರಿಟ್ಟ. ಅವಳು ಕಳೆ ಕಿತ್ತವಳೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ಮೊದಲ ಚಿತ್ರದಲ್ಲಿ ನಾಯಕಿ. ಎರಡು ಹಾಡು ಕುಣಿದು, ರಕ್ತದ ಕ್ಯಾನ್ಸರ್ ಬಂದು ನಾಯಕನ ತೊಡೆಯ ಮೇಲೆ ಸತ್ತಳು. ಅತ್ತದ್ದಕ್ಕೆ ನಾಯಕನಿಗೆ ಪ್ರಶಸ್ತಿ ಬಂತು. ಆಮೇಲೆ ನಾಯಕನ ತಂಗಿಯಾಗಿ ಸಾಲು ಸಾಲು ಚಿತ್ರ. ತಂಗಿ ಇಂಟರ್ವಲ್ಲಿಗೆ ಮುಂಚೆ ಸಾಯಬೇಕು. ಅವಳು ಸಾಯದಿದ್ದರೆ ಅಣ್ಣನಿಗೆ ಸಿಟ್ಟು ಬರುವುದಿಲ್ಲ, ಸಿಟ್ಟು ಬರದಿದ್ದರೆ ಮಚ್ಚು ಹಿಡಿಯುವುದಿಲ್ಲ, ಮಚ್ಚು ಹಿಡಿಯದಿದ್ದರೆ ಕಥೆಯೇ ಇಲ್ಲ. ಬಾವಿಗೆ ಬಿದ್ದಳು, ಬೆಂಕಿ ಹಚ್ಚಿಕೊಂಡಳು, ಲಾರಿಯ ಕೆಳಗೆ ಸಿಕ್ಕಳು. ಮೂವತ್ತೈದು ದಾಟಿದ್ದೇ ತಡ, ತನಗಿಂತ ದೊಡ್ಡ ವಯಸ್ಸಿನ ನಾಯಕರಿಗೆ ತಾಯಿಯಾದಳು. ತಲೆಗೆ ಬಣ್ಣ ಹಚ್ಚಿದವರು ಅವಳ ತಲೆಗೆ ಬಿಳಿ ಬಳಿಸಿ, "ಅಮ್ಮಾ" ಎಂದು ಎದೆಗೆ ಬಿದ್ದು ಅತ್ತರು. ತಾಯಿಯೂ ಸಾಯುವವಳೇ, ಸ್ವಲ್ಪ ತಡವಾಗಿ. ನಡುವೆ ನಿಜದಲ್ಲಿ ಒಂದು ಮದುವೆಯೂ ಆಗಿತ್ತು. ಅದು ಇಂಟರ್ವಲ್ಲಿನ ತನಕವೂ ಬಂದಿರಲಿಲ್ಲ.

ಇಷ್ಟು ಸಾವಿನಲ್ಲಿ ಅವಳು ತಪ್ಪದೆ ನಡೆಸಿಕೊಂಡು ಬಂದ ಪದ್ಧತಿಯೊಂದಿತ್ತು. ಚಿತ್ರರಂಗದಲ್ಲಿ ಹೆಣದ ಶಾಟ್ ಮುಗಿದ ಕೂಡಲೇ ಸತ್ತವರು ಕಣ್ಣು ಬಿಟ್ಟು ಕ್ಯಾಮೆರಾ ನೋಡಿ ನಗಬೇಕು. ಆ ನಗುವನ್ನೂ ಕ್ಯಾಮೆರಾದಲ್ಲಿ ಹಿಡಿಯಬೇಕು. ಅದನ್ನು ಎಲ್ಲಿಯೂ ತೋರಿಸುವುದಿಲ್ಲ. ಆದರೆ ಹಿಡಿಯದೆ ಬಿಟ್ಟರೆ, ಆಡಿದ ಸಾವು ಆಟವಾಗಿ ಉಳಿಯದೆ ನಿಜವಾದ ಹೆಣವೊಂದನ್ನು ಕೇಳುತ್ತದೆ ಎಂದು ಎಲ್ಲರಿಗೂ ಭಯ. ಪ್ರತಿ ಸಲವೂ ಅವಳು ಎದ್ದು ಕೂತು, ತನ್ನನ್ನು ಸಾಯಿಸಿದವರನ್ನೇ ನೋಡಿ ಹಲ್ಲು ಬಿಟ್ಟಿದ್ದಳು. ಹೇಳಿಸಿಕೊಳ್ಳದೆಯೇ ನಗುತ್ತಾಳೆ, ತಂಟೆಯಿಲ್ಲದ ಹೆಂಗಸು ಎಂದು ಹೆಸರಾಗಿತ್ತು.

ಆ ದಿನ ಚನ್ನಪಟ್ಟಣದ ಆಚೆಯ ಹಳ್ಳಿಯಲ್ಲಿ ಬೋರಲಿಂಗಯ್ಯ ಎಂಬವರ ತೊಟ್ಟಿಮನೆ ದೊಡ್ಡಮನೆಯಾಗಿತ್ತು. ತೊಟ್ಟಿಯ ನಡುವೆ ಚಟ್ಟ ಕಟ್ಟಿದ್ದರು. ನಿರ್ದೇಶಕ ಜಯಕುಮಾರ್ ಬಂದು ಕೈ ಹೊಸೆದ.

"ಮೇಡಂ, ಚಾನೆಲ್‌ನವರ ತೀರ್ಮಾನ. ಸೊಸೆ ಅಳೋಕೆ ಇದ್ದ ಕಾರಣ ಎಲ್ಲಾ ಖಾಲಿ ಆಗಿಬಿಟ್ಟಿದೆ. ನೀವು ಹೋದರೆ ಅವಳು ಒಂದು ತಿಂಗಳು ಆರಾಮಾಗಿ ಅಳಬಹುದು."

"ನನಗೆ ಒಂದು ಮಾತು ಮುಂಚೆ ಹೇಳಬಹುದಿತ್ತಲ್ಲ."

"ಹೇಳಿದರೆ ನೀವು ಬೇಜಾರು ಮಾಡ್ಕೋತೀರ ಅಂತ ಹೇಳಲಿಲ್ಲ."

ಅವಳು ಚಟ್ಟದ ಕಡೆ ನಡೆದಳು. ಹೋಗಿ ಮಲಗಿದಳು. ಹಣೆಗೆ ಕಾಸಗಲ ಕುಂಕುಮ ಇಟ್ಟರು, ಮೂಗಿಗೆ ಹತ್ತಿ ತುರುಕಿದರು, ಮೈತುಂಬ ಸೇವಂತಿಗೆ ಸುರಿದರು. ಸೊಸೆಯ ಪಾತ್ರದ ಹುಡುಗಿ ಇಂಚರ ಕಣ್ಣಿಗೆ ಗ್ಲಿಸರಿನ್ ಹಾಕಿಕೊಂಡು ಅವಳ ಎದೆಯ ಮೇಲೆ ಬಿದ್ದು ಬೋರೆಂದು ಅತ್ತಳು. ಕಿವಿಯ ಹತ್ತಿರ ಬಂದಾಗ ಮೆಲ್ಲಗೆ, "ಭಾರ ಆಯ್ತಾ ಆಂಟಿ?" ಎಂದೂ ಕೇಳಿದಳು. ಹೂವಿನ ಕೆಳಗೆ ಇರುವೆಯೊಂದು ಲತಾಮಣಿಯ ಕುತ್ತಿಗೆ ಹತ್ತಿತ್ತು. ಅವಳು ಅಲುಗಾಡಲಿಲ್ಲ. ಇಷ್ಟು ಚೆನ್ನಾಗಿ ಸಾಯುವವರು ಬೇರೆ ಯಾರಿದ್ದಾರೆ ಎಂದು ಅವಳಿಗೇ ಅನ್ನಿಸಿತು.

"ಕಟ್. ಓಕೆ. ಮೇಡಂ, ಒಂದು ನಗು ಕೊಡಿ."

ಕ್ಯಾಮೆರಾ ಹಿಡಿದಿದ್ದ ಸಮೀವುಲ್ಲಾ ಮುಖದ ಹತ್ತಿರಕ್ಕೆ ಬಂದ. ಲತಾಮಣಿ ಕಣ್ಣು ಬಿಡಲಿಲ್ಲ.

"ಮೇಡಂ, ಶಾಟ್ ಆಯ್ತು."

"ಗೊತ್ತು," ಎಂದಿತು ಹೆಣ. ಮೂಗಿನಲ್ಲಿ ಹತ್ತಿ ಇದ್ದುದರಿಂದ ದನಿ ನೆಗಡಿ ಹಿಡಿದವರ ಹಾಗಿತ್ತು. "ನಗಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಲೈಟಿನವರು ಹಿಡಿದ ಲೈಟು ಹಿಡಿದೇ ನಿಂತರು.

"ಭಾಗ್ಯಾಂಬಿಕೆ ಬದುಕ್ತಾಳೆ ಅಂದರೆ ನಗ್ತೀನಿ. ಇಲ್ಲಾಂದ್ರೆ ಹೀಗೇ ಇರ್ತೀನಿ. ನನಗೇನು, ಮಲಗೋದು ತಾನೆ."

ಜಯಕುಮಾರ್ ಓದಿದವನು, ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲ ಎಂದು ಹೇಳಿಕೊಳ್ಳುವವನು. ಆದರೂ ಮುಂದಿನ ಸೀನಿಗೆ ಹೋಗೋಣ ಎಂಬ ಮಾತು ಅವನ ಬಾಯಿಂದ ಹೊರಡಲಿಲ್ಲ. ನಿರ್ಮಾಪಕ ನಟರಾಜುಗೆ ಫೋನು ಹಚ್ಚಿದ. ಕನಕಪುರದ ಕಡೆ ಕಲ್ಲುಕ್ವಾರಿ ನಡೆಸಿ ದುಡ್ಡು ಮಾಡಿದ ನಟರಾಜು ಕೆಂಗಲ್ ಆಂಜನೇಯನಿಗೆ ಕೈ ಮುಗಿಯದೆ ಎಪಿಸೋಡಿನ ಹೆಸರನ್ನೂ ಇಡುತ್ತಿರಲಿಲ್ಲ. ಅವನ ಹಿಂದಿನ ಧಾರಾವಾಹಿಯಲ್ಲಿ ಅವಸರದಲ್ಲಿ ಹೆಣ ನಗಿಸುವುದನ್ನು ಮರೆತಿದ್ದರು. ಮುಂದಿನ ವಾರವೇ ಧಾರಾವಾಹಿ ನಿಂತುಹೋಯಿತು. ಅದು ನಿಂತದ್ದು ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಎಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವನು ಬರುವಷ್ಟರಲ್ಲಿ ಮನೆಯ ಯಜಮಾನ ಬೋರಲಿಂಗಯ್ಯ ಟವೆಲ್ ಕೊಡವುತ್ತ ತೊಟ್ಟಿಗೆ ಇಳಿದಿದ್ದರು.

"ಏನ್ರಪ್ಪ ಇದು. ಶೂಟಿಂಗು ಅಂದ್ರಿ, ಬುಟ್ಟೊ. ಹೆಣ ಇಳಿಸ್ತೀವಿ ಅಂದಿದ್ರಾ? ಹಿಂದ್ಗಡೆ ಮನೇಲಿ ರೇಷ್ಮೆ ಹುಳ ಹಣ್ಣಾಗೋ ಟೇಮು. ಮುಟ್ಟು ಚಿಟ್ಟು ಅಂತ ನಮ್ಮ ಹೆಂಗಸ್ರೇ ಅತ್ತಗೆ ಹೋಗಾಕಿಲ್ಲ. ಸಾವು ಕುಂತ್ಕಂಡ್ರೆ ಹುಳ ಗೂಡು ಕಟ್ಟೀತಾ?"

"ಸಾವಲ್ಲ ಯಜಮಾನ್ರೇ, ಆಕ್ಟಿಂಗ್," ಎಂದ ಜಯಕುಮಾರ್.

"ನಂಗೆ ಗೊತ್ತು ಕನಪ್ಪ, ಹುಳಕ್ಕೆ ಗೊತ್ತಾ? ನಗ್ಸಿ, ಎಬ್ಬಿಸಿ, ಆಮೇಲೆ ಅದೇನಾರ ಮಾಡ್ಕಳಿ." ಆಮೇಲೆ ಚಟ್ಟದ ಕಡೆ ತಿರುಗಿ ದನಿ ಇಳಿಸಿದರು. "ಏನವ್ವ, ನೀನು ಯಾವ ಕಡೇಳು?"

"ಮಾಗಡಿ ಕಡೆ. ಕಲ್ಯ," ಎಂದಿತು ಹೆಣ.

"ಒಳ್ಳೆ ಊರು. ನಕ್ಬುಡವ್ವ ಒಸಿ."

"ನಿಮ್ಮ ಹುಳ ಚೆನ್ನಾಗಿರ್ಲಿ ಯಜಮಾನ್ರೇ. ನಂದೂ ಹೊಟ್ಟೆಪಾಡೇ ಅಲ್ವಾ."

ಬೋರಲಿಂಗಯ್ಯನವರಿಗೆ ಈ ಮಾತು ಸರಿ ಎನ್ನಿಸಿತು. ಹೋಗಿ ಜಗಲಿಯ ಮೇಲೆ ಕೂತು, ಇನ್ನು ನಿಮ್ಮ ನಿಮ್ಮಲ್ಲೇ ಬಗೆಹರಿಸಿಕೊಳ್ಳಿ ಎಂಬಂತೆ ಎಲೆಗೆ ಸುಣ್ಣ ಹಚ್ಚತೊಡಗಿದರು.

ಊಟದ ಹೊತ್ತು ಮೀರಿತು. ಹೆಣ ಇಳಿಸಿದ ಕಡೆ ಉಣ್ಣುವುದು ಹೇಗೆ ಎಂದು ಒಬ್ಬ ಹೇಳಿದ್ದೇ ಯಾರೂ ತಟ್ಟೆ ಮುಟ್ಟಲಿಲ್ಲ. ನಟರಾಜು ಬಂದವನು ಚಪ್ಪಲಿಯನ್ನು ಹೊರಗೇ ಬಿಟ್ಟು, ನಿಜವಾದ ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ನಡೆದು ಚಟ್ಟದ ಪಕ್ಕ ಕುಕ್ಕರಗಾಲಲ್ಲಿ ಕೂತ. ಅಭ್ಯಾಸಬಲದಿಂದ ಕೈ ಮುಗಿದೂಬಿಟ್ಟ.

"ಏನಮ್ಮ ಇದು, ನಿಮ್ಮಂಥೋರು. ಯಾವತ್ತೂ ತಂಟೆ ಮಾಡ್ದೋರಲ್ಲ."

"ಅದಕ್ಕೇ ಅಲ್ವಾ ಸಾರ್ ಸಾಯಿಸೋಕೆ ಸುಲಭ ಆಗಿದ್ದು."

ನಟರಾಜು ನಿರ್ದೇಶಕನ ಕಡೆ ನೋಡಿದ. ಜಯಕುಮಾರ್ ಮುಂದೆ ಬಂದ. "ಮೇಡಂ, ಫೋಟೋ ಇರುತ್ತೆ. ನಡುಮನೆ ಗೋಡೆ ಮೇಲೆ, ದೊಡ್ಡದು. ದಿನಾ ತೋರಿಸ್ತೀವಿ. ನಿಮಗೆ ಶೂಟಿಂಗಿಗೆ ಬರೋ ಕಷ್ಟ ಕೂಡ ಇಲ್ಲ."

"ನಮ್ಮವ್ವ ಇನ್ನೂ ಅವ್ಳೆ ಊರಲ್ಲಿ. ದಿನಾ ಟೀವಿ ಹಾಕಿ ಮಗಳ ಫೋಟೋಗೆ ಹಾರ ಹಾಕಿರೋದ ನೋಡ್ತಾ ಕೂರಬೇಕಾ?" ಸಿಟ್ಟು ಬಂದರೆ ಅವಳ ನಾಲಗೆ ತಾನಾಗಿ ಕಲ್ಯಕ್ಕೆ ಹೋಗುತ್ತಿತ್ತು.

"ಸರಿ, ಆತ್ಮ ಆಗಿ ಬನ್ನಿ. ಬಿಳಿ ಸೀರೆ, ಹೊಗೆ. ಸೊಸೆಗೆ ಬುದ್ಧಿ ಹೇಳ್ತೀರ."

"ಬದುಕಿದ್ದಾಗ ಮೂರು ವರ್ಷ ಕಾಟ ಕೊಟ್ಟವಳು ಸತ್ತ ಮೇಲೆ ಬುದ್ಧಿ ಹೇಳಿದರೆ ಯಾವಳು ಕೇಳ್ತಾಳೆ?"

ಕಾಲ ಬಳಿ ಕೂತಿದ್ದ ಇಂಚರ ಫಕ್ಕನೆ ನಗಲು ಹೋದವಳು ನಿರ್ಮಾಪಕನನ್ನು ನೋಡಿ ಕೆಮ್ಮಿದಳು. ಸಮೀವುಲ್ಲಾ ಕ್ಯಾಮೆರಾ ಹೊತ್ತು ನಿಂತೇ ಇದ್ದ. ಆ ನಗು ಯಾವ ಗಳಿಗೆಯಲ್ಲಿ ಬಂದೀತೋ ಎಂದು ಅವನು ಕ್ಯಾಮೆರಾ ಆರಿಸಿಯೇ ಇರಲಿಲ್ಲ.

ಕಣ್ಣು ಮುಚ್ಚಿಕೊಂಡೇ ಲತಾಮಣಿ ಎಲ್ಲರ ದನಿ ಕೇಳುತ್ತಿದ್ದಳು. ಇಷ್ಟು ಜನ ತನ್ನ ಮುಖವನ್ನು ಇಷ್ಟು ಹೊತ್ತು ನೋಡುತ್ತಿರುವುದು ಇದೇ ಮೊದಲು. ನಾಯಕಿಯಾಗಿದ್ದಾಗಲೂ ಕ್ಯಾಮೆರಾ ಅವಳ ಮುಖದ ಮೇಲೆ ನಿಂತದ್ದು ಕಡಿಮೆ. ಅದಕ್ಕೆ ಸೊಂಟದಲ್ಲಿ ಕೆಲಸವಿರುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಸಾಯಲ್ಲ ಅಂದಿದ್ದರೆ ಏನಾಗುತ್ತಿತ್ತು? ಬೇರೆ ಹುಡುಗಿಯನ್ನು ಕರೆದು ಸಾಯಿಸುತ್ತಿದ್ದರು. ಅಷ್ಟೇ ತಾನೆ. ಅಷ್ಟಕ್ಕೆ ತಾನು ಅಷ್ಟು ಹೆದರಿದ್ದೆನೇ ಎಂದು ಯೋಚಿಸಿದಳು. ಹೆದರಿದ್ದಳು, ಮತ್ತು ಈಗಲೂ ಹೆದರಿಕೆಯಿಂದಲೇ ಮಲಗಿದ್ದಳು. ಧೈರ್ಯವಿದ್ದವಳಾಗಿದ್ದರೆ ಎದ್ದು ಬಸ್ಸು ಹತ್ತುತ್ತಿದ್ದಳು. ಅದು ಗೊತ್ತಿದ್ದೂ ಅವಳಿಗೆ ಈ ಗಳಿಗೆ ಹಿತವಾಗಿತ್ತು.

ನಟರಾಜು ಬೆವರು ಒರೆಸಿಕೊಂಡ. "ಜಯಕುಮಾರ್, ಸಾಯಿಸ್ಬ್ಯಾಡ ಕಣಯ್ಯ. ಏನಾರ ಮಾಡು."

"ಸಾರ್, ಹಂಗಾದ್ರೆ ಕೋಮಾ. ಚಟ್ಟ ಎತ್ತೋವಾಗ ಬೆರಳು ಅಲ್ಲಾಡುತ್ತೆ, ಆಸ್ಪತ್ರೆಗೆ ಒಯ್ತೀವಿ. ಸೊಸೆ ಪಕ್ಕದಲ್ಲಿ ಕೂತು ಅಳ್ತಾಳೆ. ಅಳೋಕೂ ಆಯ್ತು, ಮೇಡಂ ಬದುಕಿದ ಹಾಗೂ ಆಯ್ತು."

ತೊಟ್ಟಿಯಲ್ಲಿ ಒಂದು ನಿಟ್ಟುಸಿರು ಎದ್ದಿತು. ಲತಾಮಣಿಗೆ ಗೆದ್ದೆ ಎನ್ನಿಸಿತು. ಮಲಗಿರಬೇಕು, ಮಾತಿಲ್ಲ, ಕಣ್ಣು ಬಿಡುವ ಹಾಗಿಲ್ಲ. ಆದರೂ ಇರುತ್ತಾಳಲ್ಲ. ಈ ಉದ್ಯಮದಲ್ಲಿ ಹೆಂಗಸೊಬ್ಬಳು ಇಷ್ಟು ದಿನ ಬದುಕಿದ್ದೇ ಹೀಗೆ ತಾನೆ.

"ಎಷ್ಟು ದಿನ ಕೋಮಾ?" ಎಂದು ಕೇಳಿದಳು.

"ಸೀರಿಯಲ್ ಮುಗಿಯೋವರೆಗೂ, ಮೇಡಂ."

"ಆಸ್ಪತ್ರೆ ಬಟ್ಟೇಲಿ ಮಲಗಬೇಕಾ?"

ಜಯಕುಮಾರನಿಗೆ ನೋವಾಯಿತು. ಕಲೆಯ ವಿಷಯದಲ್ಲಿ ಅವನು ಹಗುರವಾಗಿ ಮಾತಾಡುವವನಲ್ಲ. "ಛೆ, ದೊಡ್ಡಮನೆ ಯಜಮಾನಿ ನೀವು. ಐಸಿಯುನಲ್ಲೂ ರೇಷ್ಮೆ ಸೀರೇನೇ. ಕಾಸಿನ ಸರ ಇರುತ್ತೆ, ಡಾಬು ಇರುತ್ತೆ. ಡಾಕ್ಟರ್ ಬಂದು ಸ್ಟೆತಸ್ಕೋಪ್ ಇಡೋವಾಗ ಸರ ಒಂಚೂರು ಪಕ್ಕಕ್ಕೆ ಸರಿಸ್ತಾರೆ. ಹಬ್ಬದ ಎಪಿಸೋಡಲ್ಲಿ ಮೂಗಿನ ಪೈಪಿಗೂ ಒಂದು ಮೊಳ ಮಲ್ಲಿಗೆ ಸುತ್ತೋಣ ಅಂತ ನನ್ನ ಐಡಿಯಾ."

ಲತಾಮಣಿ ತುಟಿ ಕಚ್ಚಿದಳು. ಮೊದಲು ಹೊಟ್ಟೆ ಕುಲುಕಿತು, ಸೇವಂತಿಗೆ ಉದುರಿತು. ಮೂಗಿನ ಹತ್ತಿ ಹಾರಿ ನಟರಾಜುವಿನ ಮಂಡಿಯ ಮೇಲೆ ಬಿತ್ತು. ಆಮೇಲೆ ಅವಳು ತಡೆಯುವುದನ್ನು ಬಿಟ್ಟಳು. ಎದ್ದು ಕೂತು, ಚಟ್ಟದ ಬಿದಿರು ಹಿಡಿದುಕೊಂಡು, ಒಸಡು ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಕಳೆ ಕೀಳುವ ಹೆಂಗಸರು ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಕೇಳಿಸುವ ಹಾಗೆ ನಗುತ್ತಾರಲ್ಲ, ಹಾಗೆ. ಚಿಕ್ಕಲಕ್ಷ್ಮಮ್ಮ ನಕ್ಕಳು, ಇಂಚರ ನಕ್ಕಳು, ಜಗಲಿಯಲ್ಲಿ ಬೋರಲಿಂಗಯ್ಯ ಎಲೆಯಡಿಕೆಯ ಬಾಯಿ ಮುಚ್ಚಿಕೊಂಡು ಭುಜ ಕುಣಿಸಿದರು.

"ಬಂತು ಸಾರ್," ಎಂದ ಸಮೀವುಲ್ಲಾ, ಕ್ಯಾಮೆರಾದ ಹಿಂದಿನಿಂದ. "ಕ್ಲೀನಾಗಿ ಬಂತು."

ನಟರಾಜು ಕೆಂಗಲ್ಲಿನ ದಿಕ್ಕು ಹುಡುಕಿ ಕೈ ಮುಗಿದ. ಮಂಡಿಯ ಮೇಲಿನ ಹತ್ತಿಯನ್ನು ಕೊಡವಿ ಎದ್ದ. ಅವನ ದನಿ ಬದಲಾಗಿತ್ತು. "ಸರಿ ಬುಡಮ್ಮ, ಮುಗೀತಲ್ಲ. ಜಯಕುಮಾರ್, ಕೋಮಾಗೀಮಾ ಎಲ್ಲ ಬ್ಯಾಡ, ಚಾನೆಲ್‌ನೋರು ಹೇಳ್ದಂಗೆ ಮಾಡ್ಬುಡು. ಊಟಕ್ಕೆ ಬುಡ್ರಪ್ಪ ಎಲ್ಲಾರ್ನೂವೆ."

ಜಯಕುಮಾರ್ ಲತಾಮಣಿಯ ಮುಖ ನೋಡಲಿಲ್ಲ. ಮುಂದಿನ ಸೀನಿನ ಕಾಗದ ನೋಡಿದ.

ಒಂದು ಗಳಿಗೆಯಲ್ಲಿ ತೊಟ್ಟಿ ಖಾಲಿಯಾಯಿತು. ಹಿತ್ತಲ ಕಡೆಯಿಂದ ಸಾರಿನ ವಾಸನೆ, ತಟ್ಟೆಗಳ ಸದ್ದು ಬಂದವು. ಲತಾಮಣಿ ಚಟ್ಟದ ಮೇಲೆಯೇ ಕೂತು ಉಳಿದ ಹತ್ತಿಯನ್ನು ತೆಗೆದಳು, ಕುತ್ತಿಗೆಯ ಇರುವೆಯನ್ನು ಹುಡುಕಿ ಬಿಟ್ಟಳು. ಸತ್ತದ್ದಾಗಿತ್ತು. ನಾಳೆಯಿಂದ ಕೆಲಸವಿಲ್ಲ ಎಂಬುದು ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತ್ತು. ಅದರ ಮೇಲೆ ಆ ನಗು ಮಾತ್ರ ಇನ್ನೂ ಅಲುಗಾಡುತ್ತಿತ್ತು, ನಿಲ್ಲುವ ಹಾಗೆ ಕಾಣಲಿಲ್ಲ.

ಊಟಕ್ಕೆ ಹೋಗದೆ ಉಳಿದಿದ್ದ ಇಂಚರ ಹತ್ತಿರ ಬಂದು ಅವಳ ಸೆರಗಿನಿಂದ ಸೇವಂತಿಗೆ ಹೆಕ್ಕತೊಡಗಿದಳು. ಗ್ಲಿಸರಿನ್ನಿಗೆ ಕಣ್ಣು ಕೆಂಪಾಗಿತ್ತು.

"ಆಂಟಿ, ಮುಂದೆ ನನಗೂ ಒಂದಿನ ಹೀಗೆ ಮಾಡ್ತಾರೆ ಅಲ್ವಾ?"

"ಮಾಡ್ತಾರೆ."

"ಆಗ ನಾನೂ ನಗದೆ ಮಲಗಿಬಿಡಬಹುದಾ?"

"ಮಲಗು," ಎಂದಳು ಲತಾಮಣಿ, ಅವಳ ಹೆಗಲು ಹಿಡಿದು ಚಟ್ಟದಿಂದ ಇಳಿಯುತ್ತ. "ಆದರೆ ಕಿವಿಗೂ ಹತ್ತಿ ಇಟ್ಕೊ. ಇವರ ಮಾತು ಕೇಳಿಸ್ಕೊಂಡು ನಗದೆ ಇರೋದು ನಿನ್ನ ಕೈಲೂ ಆಗಲ್ಲ."