ಕಾಗೆ ಕತ್ತು ಓರೆ ಮಾಡಿದ್ದು

ಅಜ್ಜಿಯ ಹತ್ತನೆಯ ದಿನ, ರಾಣೆಬೆನ್ನೂರಿನ ಮನೆಯ ಮಾಳಿಗೆಯ ಮೇಲೆ ಪಿಂಡ ಇಟ್ಟು ಕಾಯುತ್ತಿದ್ದೆವು. ಕಾಗೆ ನೀರಿನ ಟಾಕಿಯ ಮೇಲೆ ಕುಳಿತಿತ್ತು, ಇಳಿಯುತ್ತಿರಲಿಲ್ಲ.

ಅಜ್ಜಿ ಗೋದೂಬಾಯಿಯ ಬಂಗಾರದ ಬೋರಮಾಳ ಸರ ಅವರು ತೀರಿದ ದಿನವೇ ಕಾಣೆಯಾಗಿತ್ತು. ಅವರ ಆರೈಕೆಗೆಂದು ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟು ಬಂದ ಮೊಮ್ಮಗಳು ನಾನು. ಹಾಸಿಗೆಯ ಪಕ್ಕ ಇರುತ್ತಿದ್ದವಳೂ ನಾನೇ. ರೋಹಿಣಿ ಮಾಮಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಟ್ರಂಕಿನಲ್ಲಿದ್ದ ನನ್ನ ಬಟ್ಟೆಗಳ ಮಡಿಕೆ ಬದಲಾಗಿತ್ತು. ಕಾರ್ಯ ಮುಗಿದ ಮೇಲೆ ನನ್ನ ಅವ್ವ ನನ್ನನ್ನು ನಮ್ಮೂರು ಕುಪ್ಪೇಲೂರಿಗೆ ಕರೆದೊಯ್ಯಲು ಬರುವವಳಿದ್ದಳು. ಸರ ಸಿಗದಿದ್ದರೆ ಕಳ್ಳಿ ಅನ್ನಿಸಿಕೊಂಡೇ ಬಸ್ಸು ಹತ್ತಬೇಕಿತ್ತು.

"ಅವ್ವಾ, ವರ್ಷಾ ವರ್ಷಾ ಎಲ್ಲಾ ಪದ್ಧತಶೀರ ಮಾಡತೀನಿ, ಬಾ," ಎಂದು ಅಜ್ಜಿಯ ಮಗ ರಾಘಣ್ಣ ಮಾಮಾ ಕಾಗೆಗೆ ಕೈಮುಗಿದರು. ಕಾಗೆ ಅಲುಗಲಿಲ್ಲ.

"ಅತ್ತಿಯವರಿಗೆ ಸರದ್ದೇ ಚಿಂತಿ," ಎಂದರು ಮಾಮಿ. "ಒಬ್ಬೊಬ್ಬರೇ ಹೋಗಿ ಕೈಮುಗಿಯೋಣ. ಯಾರು ತಗೊಂಡಾರೋ ಅವರನ್ನ ಕಂಡ್ರ ಕಾಗಿ ಹಿಂದ ಸರೀತದ."

"ಪೊಲೀಸ್ ಕಾಗಿ ಏನು ಇದು?" ಮಾಮಾ ನಗಲು ನೋಡಿದರು.

"ನಗಬ್ಯಾಡ್ರಿ. ಪ್ರಿಯಾ, ಮೊದಲ ನೀ ಹೋಗು."

ಮಾಮಾ ಹಿಂದೆ ಸರಿದರು. ನಾನು ಹೋಗಿ ಕಣ್ಣು ಮುಚ್ಚಿ ನಿಂತೆ. ತೆರೆದಾಗ ಕಾಗೆ ಟಾಕಿ ಬಿಟ್ಟು ಗೋಡೆಗೆ ಬಂದಿತ್ತು. ಮಾಮಿ ಹೋದಾಗ ನೆಲಕ್ಕೇ ಇಳಿಯಿತು. ಮಾಮಾ ಮುಂದೆ ಬಂದದ್ದೇ ತಡ, ಪಟಪಟ ಹಾರಿ ಟಾಕಿ ಸೇರಿತು.

"ಇನ್ನೊಮ್ಮೆ ಹೋಗ್ರಿ," ಎಂದರು ಮಾಮಿ. ಮತ್ತೆ ಹಾಗೇ ಆಯಿತು. ಇಷ್ಟು ದಿನ ನನ್ನ ಬೆನ್ನಿಗಿದ್ದ ಅವರ ಕಣ್ಣು ಗಂಡನ ಕಡೆ ತಿರುಗಿತು.

ಅಜ್ಜಿ ಹೇಳುತ್ತಿದ್ದ ಕತೆ ನನಗೆ ನೆನಪಾಯಿತು. ಸೀತೆಯನ್ನು ಕುಕ್ಕಿದ ಕಾಗೆಯ ಮೇಲೆ ರಾಮ ಒಂದು ಹುಲ್ಲುಕಡ್ಡಿ ಮಂತ್ರಿಸಿ ಬಿಟ್ಟ. ಅದು ಮೂರು ಲೋಕ ಅಟ್ಟಿಸಿಕೊಂಡು ಹೋಯಿತು. ಕೊನೆಗೆ ಕಾಗೆ ಒಂದು ಕಣ್ಣು ಕೊಟ್ಟು ಜೀವ ಉಳಿಸಿಕೊಂಡಿತು. ಉಳಿದ ಒಂದೇ ಗುಡ್ಡೆ ಎರಡೂ ಕಡೆ ಹೊರಳುತ್ತದೆ, ಅದಕ್ಕೇ ಅದು ಕತ್ತು ಓರೆ ಮಾಡುವುದು. ಹುಲ್ಲಿನ ಅಂಜಿಕೆ ಇನ್ನೂ ಹೋಗಿಲ್ಲವಂತೆ.

ಮಾಮಾನ ಬೆರಳಲ್ಲಿ ದರ್ಭೆ ಹುಲ್ಲಿನ ಪವಿತ್ರದ ಉಂಗುರವಿತ್ತು. ಕೈಮುಗಿದಾಗಲೆಲ್ಲ ಅದರ ತುದಿ ಮೇಲೆದ್ದು ನಿಲ್ಲುತ್ತಿತ್ತು.

ಕಾಗೆ ಅಂಜಿದ್ದು ಅದಕ್ಕೆ ಎಂದು ಹೇಳಿದರೆ ಸಂಶಯ ತಿರುಗಿ ನನ್ನ ಮೇಲೆ ಬರುತ್ತದೆ. ಆದರೂ, ಮಾಡದ ತಪ್ಪಿಗೆ ಜನ ನೋಡುವ ನೋಟ ಎಂಥದೆಂದು ನನಗೆ ಗೊತ್ತಿತ್ತು.

"ಮಾಮಾ, ನಿಮ್ಮ ಬೆರಳಾಗ..."

ಅವರು ಥಟ್ಟನೆ ಕೈ ಬೆನ್ನ ಹಿಂದೆ ಒಯ್ದರು. "ಕೊಂಡಿ ಚುಚ್ಚಿದ್ದು ನೋಡಿದಿ ಏನು? ನೀ ಮಲಗಿದ್ದಿ ಅವತ್ತು."

"ಯಾವ ಕೊಂಡಿ?" ಎಂದರು ಮಾಮಿ.

ಮಾಮಾ ಪವಿತ್ರವನ್ನು ತಿರುವಿ ತಿರುವಿ ಬೆರಳಿನಿಂದ ತೆಗೆದು ಮೆಟ್ಟಿಲ ಬಳಿ ಇಟ್ಟರು. "ಸರ ಸ್ಕೂಟರ್ ಡಿಕ್ಕಿಯಾಗ ಅದ. ತರತೀನಿ," ಎಂದು ಇಳಿದು ಹೋದರು.

ಅವರ ಹೆಜ್ಜೆಯ ಸಪ್ಪಳ ಮುಗಿಯುವ ಮೊದಲೇ ಕಾಗೆ ಬಂದು ಪಿಂಡ ಮುಟ್ಟಿತು.

"ನೋಡಿದ್ಯಲ್ಲ, ಕಾಗಿಗೆ ಎಲ್ಲಾ ತಿಳೀತದ," ಎಂದು ಮಾಮಿ ಗಲ್ಲ ಬಡಿದುಕೊಂಡರು. ಟ್ರಂಕಿನ ಮಾತು ಎತ್ತಲಿಲ್ಲ. "ಹೋಗು, ಊಟಕ್ಕ ಎಲಿ ಹಾಕು."

ಹೂಂ ಎಂದೆ. ಮೆಟ್ಟಿಲ ಬಳಿ ಬಿದ್ದಿದ್ದ ದರ್ಭೆಯ ಕಡೆ ಕತ್ತು ಓರೆ ಮಾಡಿಕೊಂಡೇ ಕಾಗೆ ಅನ್ನ ಹೆಕ್ಕುತ್ತಿತ್ತು.