ಕಾನ್ಸರ್ಟಿಗೆ ಹೋದ ಇಬ್ಬರು

ಹಾಡುಗಾರ ತೀರಿಕೊಂಡ ಸುದ್ದಿ ಬಂದ ಮೇಲಿನ ಭಾನುವಾರ, ಚಿಕ್ಕಬಳ್ಳಾಪುರದಲ್ಲಿ ಮೋಹನ್‌ಬಾಬುವಿನ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಏಳು ಜನ ಸೇರಿದರು. ಎಲ್ಲರಿಗೂ ಐವತ್ತು ದಾಟಿತ್ತು. ಅವನು ಹಾಡುತ್ತಿದ್ದ ಇಂಗ್ಲೆಂಡಿನ ಹಳೆಯ ರಾಕ್ ಬ್ಯಾಂಡಿನ ಹುಚ್ಚು ಹಿಡಿದವರು ಈ ಸೀಮೆಯಲ್ಲಿ ಇದ್ದದ್ದೇ ಅಷ್ಟು. ಇಪ್ಪತ್ತೈದು ವರ್ಷದ ಹಿಂದೆ ಬ್ಯಾಂಡು ಬೆಂಗಳೂರಿಗೆ ಬಂದಾಗ ಹೋಗಿ ನೋಡಿದವರು ಇಬ್ಬರೇ: ಮೋಹನ್‌ಬಾಬು, ಶಿಡ್ಲಘಟ್ಟದ ಭಾನುಪ್ರಕಾಶ.

ಭಾನುಪ್ರಕಾಶ ನೋಡಿರಲಿಲ್ಲ.

ಟಿಕೆಟು ಇತ್ತು. ಪೊರೆ ಬಿಡುವ ಕೊನೆಯ ನಿದ್ದೆಯಾದ ನಾಲ್ಕನೇ ಜ್ವರ ಮುಗಿಸಿ ಎದ್ದ, ಮನೆಯಲ್ಲಿ ಸಾಕಿದ ರೇಷ್ಮೆಹುಳ ಎಂಟನೇ ದಿನಕ್ಕೆ ಹಣ್ಣಾಗುತ್ತದೆಂದು ಎಣಿಸಿ, ಏಳನೇ ದಿನ ಹೊರಡಲು ನಿಂತಿದ್ದ. ಸೆಖೆ ಏರಿ ಅಂದು ಬೆಳಗ್ಗೆಯೇ ಹಣ್ಣಾದವು. ಗೂಡು ಕಟ್ಟಲು ತಲೆ ಎತ್ತಿದ ಹುಳ ಯಾರಿಗೂ ಕಾಯುವುದಿಲ್ಲ. ಹೆಂಡತಿ ತನುಜಳ ಜೊತೆ ಸಂಜೆವರೆಗೂ ಒಂದೊಂದನ್ನೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟ. ಮರುವಾರ ಗೆಳೆಯರು ಕೇಳಿದಾಗ, ಅವನ ಮುಖ ನೋಡಲಾಗದೆ ಮೋಹನ್‌ಬಾಬುವೇ ಇಬ್ಬರೂ ಹೋಗಿದ್ದೆವು ಅಂದುಬಿಟ್ಟ. ವರ್ಷವರ್ಷ ಕತೆ ಬೆಳೆಯಿತು. ಮಳೆ ಬಂತು, ಚಪ್ಪಲಿ ಕಳೆಯಿತು, ಪೊಲೀಸಿನವನೊಬ್ಬ ಲಾಠಿ ಕಂಕುಳಲ್ಲಿಟ್ಟು ಕುಣಿದ. ಭಾನುಪ್ರಕಾಶ ಹೂಂಗುಟ್ಟಿ ಹೂಂಗುಟ್ಟಿ ದಣಿದಿದ್ದ.

ಈಗ ಹಾಡುಗಾರನ ನೆನಪಿಗೆ ಒಬ್ಬೊಬ್ಬರೂ ಎರಡು ನಿಮಿಷ ಮಾತಾಡಿ, ರೆಕಾರ್ಡ್ ಮಾಡಿ, ಬ್ಯಾಂಡಿನ ಅಭಿಮಾನಿ ಸಂಘಕ್ಕೆ ಕಳಿಸುವುದೆಂದಾಗಿತ್ತು. ಸತ್ತವನ ಮುಂದೆಯೂ ಸುಳ್ಳು ಹೇಳಬೇಕೆ ಅನ್ನಿಸಿತು ಭಾನುಪ್ರಕಾಶನಿಗೆ. ಉಳಿದವರು ಕಾಫಿಗೆ ಇಳಿದು ಹೋದ ಮೇಲೆ, ಮೋಹನ್‌ಬಾಬು ಹಿಡಿದ ಮೊಬೈಲಿಗೆ, ತಾನು ಹೋಗಲೇ ಇಲ್ಲವೆಂದೂ ಅವತ್ತೆಲ್ಲ ಹುಳ ಆರಿಸುತ್ತಿದ್ದೆನೆಂದೂ ಹೇಳಿ ಮುಗಿಸಿದ. ಬೆನ್ನು ಹಗುರಾಯಿತು.

ಮೋಹನ್‌ಬಾಬು ನಕ್ಕು, ಮನೆಮಾತು ತೆಲುಗಿಗೆ ಇಳಿದ. "ಏಂಟ್ರಾ ಇದಿ, ತಮಾಷೇನಾ? ಆ ಮಳೇಲಿ ನನ್ನ ಜರ್ಕಿನ್ನು ನಿಂಗೇ ಬಿಚ್ಚಿ ಕೊಟ್ಟಿದ್ದು ಕಣೋ."

"ನಾನ್ ಬಂದಿರ್ಲಿಲ್ಲ ಮೋಹನ. ನೀನೇ ಕಟ್ಟಿದ್ ಕತೆ ಅದು."

ಮೋಹನ್‌ಬಾಬುವಿನ ನಗು ನಿಂತಿತು. ಯೋಚಿಸಿದ. ಅವನಿಗೆ ನಿಜಕ್ಕೂ ನೆನಪಿಲ್ಲವೆಂಬುದು ಭಾನುಪ್ರಕಾಶನಿಗೆ ಆಗಲೇ ಹೊಳೆದದ್ದು.

"ಹಂಗಾದ್ರೆ ನಾನೊಬ್ನೇ ಹೋಗಿದ್ನಾ?" ಅಂದ ಮೋಹನ್‌ಬಾಬು. "ಅಷ್ಟು ಜನದ ಮಧ್ಯೆ ಒಬ್ನೇ ನಿಂತಿದ್ನಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪಿಸಿಕೊಂಡ ಯಾರನ್ನೋ ಹುಡುಕುವವನ ಹಾಗೆ ನೆಲ ನೋಡುತ್ತಿದ್ದ. ಉಳಿದವರು ಮೆಟ್ಟಿಲು ಹತ್ತಿ ಬರುವುದು ಕೇಳಿಸಿತು.

"ಅಳಿಸಾಕು ಅದನ್ನ," ಅಂದ ಭಾನುಪ್ರಕಾಶ. "ಇನ್ನೊಂದ್ಸಲ ಹೇಳ್ತೀನಿ."

ಮೊಬೈಲನ್ನು ತನ್ನತ್ತ ಎಳೆದುಕೊಂಡು, ಇಬ್ಬರೂ ಮಧ್ಯಾಹ್ನದ ಬಸ್ಸು ಹತ್ತಿದಲ್ಲಿಂದ ಕತೆ ಶುರು ಮಾಡಿದ.